ಅಲಗು ಲಾರಿ ಪಟ್ಟಾದ್ದು, ಹಿಡಿ ಯಾರದ್ದು?

ಹಿರಿಯೂರಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಎಳನೀರು ಕೆತ್ತುವವನ ಕೈ ಕಡೆ ಒಂದು ಸಲ ನೋಡಿ. ನಾವೆಲ್ಲ ನೋಡೋದು ಮಚ್ಚಿನ ಅಲಗು. ಅದರ ಹೊಳಪು, ಬೀಸುವ ವೇಗ, ನಾಲ್ಕು ಏಟಿಗೆ ಬಾಯಿ ಬಿಡುವ ಕಾಯಿ. ಹಿಡಿಯನ್ನು ಯಾರೂ ನೋಡುವುದಿಲ್ಲ. ಆದರೆ ಬೆಳಿಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಆ ಮನುಷ್ಯ ಹಿಡಿದುಕೊಂಡಿರೋದು ಅಲಗನ್ನಲ್ಲ ಸ್ವಾಮಿ, ಹಿಡಿಯನ್ನ. ಕಾಯಿಗೆ ಬಿದ್ದ ಪ್ರತಿ ಏಟಿನ ಅದುರು ವಾಪಸ್ ಬರೋದು ಆ ಮರದ ತುಂಡಿನ ಮೂಲಕ ಅವನ ಅಂಗೈಗೆ.

ಅಲಗು ಮೊಂಡಾದರೆ ಕಾಯಿ ಕತ್ತರಿಸೋದಿಲ್ಲ, ಅಷ್ಟೆ. ಸಾಣೆ ಹಿಡಿದರೆ ಆಯಿತು. ಹಿಡಿ ಸಡಿಲವಾದರೆ? ಬೀಸುವಾಗ ಅಲಗು ಕಳಚಿ ಎದುರಿಗೆ ನಿಂತವರ ಮೇಲೆ ಹಾರುತ್ತೆ. ಇಲ್ಲವೇ ಬೆವರಿದ ಕೈ ಮುಂದಕ್ಕೆ ಜಾರಿ ಅಲಗಿನ ಮೇಲೆ ಕೂರುತ್ತೆ. ಬೆರಳು ಹೋದ ಮೇಲೆ ಯಾವ ಸಾಣೆಯೂ ಅದನ್ನ ವಾಪಸ್ ತರೋದಿಲ್ಲ.

ಇಷ್ಟು ದೊಡ್ಡ ಜವಾಬ್ದಾರಿ ಹೊತ್ತ ಹಿಡಿಗೆ ನಾವು ಕೊಡೋ ಬೆಲೆ ಎಷ್ಟು? ಸಂತೆಯಲ್ಲಿ ಕುಡ್ಲು ಕೊಳ್ಳುವವರು ಕಬ್ಬಿಣಕ್ಕೆ ಚೌಕಾಸಿ ಮಾಡ್ತಾರೆ, ಹಿಡಿಯನ್ನ ಮಾತ್ರ ಕೊಸರು ಅಂತ ಕೇಳ್ತಾರೆ. "ಹಿಡಿಗೂ ದುಡ್ಡಾ?" ಅನ್ನೋ ಮಾತು ಚಿತ್ರದುರ್ಗದಿಂದ ಹೊಸದುರ್ಗದವರೆಗೆ ಎಲ್ಲ ಸಂತೆಗಳಿಗೂ ಹಳೇದು. ಈ ಮಾತಿನಿಂದ ಯಾರಿಗೆ ನಷ್ಟ ಅನ್ನೋದು ಇವತ್ತಿನ ವಿಚಾರ.

ಓಬವ್ವನ ಒನಕೆಗೂ ಒಂದು ಬಳೆ

ಹಿಡಿ ವಿಚಾರ ದುರ್ಗದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹೈದರಾಲಿಯ ಸೈನಿಕರನ್ನು ಕಿಂಡಿಯ ಬಾಯಲ್ಲೇ ಬಡಿದು ಹಾಕಿದ ಓಬವ್ವನ ಕೈಯಲ್ಲಿದ್ದದ್ದು ಕತ್ತಿಯಲ್ಲ, ಒನಕೆ. ಅಲಗೇ ಇಲ್ಲದ, ಬರೀ ಹಿಡಿಯೇ ಆದ ಆಯುಧ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂದ ಮೇಲೆ ಆ ಒನಕೆಯನ್ನು ನಾಡೆಲ್ಲ ನೋಡಿತು.

ಮನೆಯಲ್ಲಿ ಹಳೇ ಒನಕೆ ಇದ್ದರೆ ಅದರ ತುದಿ ನೋಡಿ. ಕಬ್ಬಿಣದ ಬಳೆ ಹಾಕಿರ್ತಾರೆ. ಶೋಕಿಗಲ್ಲ. ಮರಕ್ಕೆ ಎಳೆ ಇರುತ್ತೆ. ಎಳೆ ಉದ್ದಕ್ಕೆ ಪೆಟ್ಟು ಬಿದ್ದರೆ ಮರ ಸೀಳುತ್ತೆ. ಸುತ್ತಲೂ ಬಳೆ ಬಿಗಿದರೆ ಸೀಳೋದಕ್ಕೆ ಜಾಗ ಸಿಗೋದಿಲ್ಲ. ಕುಡುಗೋಲಿನ ಹಿಡಿಯ ಬಾಯಿಗೆ ಹಾಕೋ ಬಳೆಯ ಕೆಲಸವೂ ಇದೇ. ಒನಕೆ ಮಾಡಿದವನು ಯಾರೋ, ಕುಡುಗೋಲು ಮಾಡಿದವನು ಯಾರೋ, ವಿದ್ಯೆ ಒಂದೇ.

ಉಕ್ಕಿನ ಸೀಮೆ ನಮ್ಮದು

ಹೊಳಲ್ಕೆರೆ ತಾಲೂಕಿನ ಗಟ್ಟಿಹೊಸಹಳ್ಳಿ ಹೆಸರು ಕೇಳಿರಬಹುದು. ಭೂಗರ್ಭದವರಿಗೆ ಅಲ್ಲಿನ ಕಲ್ಲುಗಳು ಗೊತ್ತು. ಆದರೆ ಲೋಹದ ಚರಿತ್ರೆ ಬರೆಯೋರಿಗೆ ಅದು ಬೇರೆ ಕಾರಣಕ್ಕೆ ಗೊತ್ತು. ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಇಟ್ಟು, ಬಾಯಿ ಮುಚ್ಚಿ, ಹೊತ್ತುಗಟ್ಟಲೆ ಕಾಸಿ ಉಕ್ಕು ಮಾಡುತ್ತಿದ್ದ ಊರು ಅದು. ಆ ಮೂಸೆಗಳ ಚೂರುಗಳನ್ನು ಪರೀಕ್ಷೆ ಮಾಡಿ, ನಮ್ಮ ಕನ್ನಡದ ವಿಜ್ಞಾನ ಲೇಖಕರೂ ಭೂವಿಜ್ಞಾನಿಯೂ ಆದ ಟಿ. ಆರ್. ಅನಂತರಾಮು, ಬ್ರಿಟಿಷ್ ಮ್ಯೂಸಿಯಂನ ಪಾಲ್ ಕ್ರಾಡಕ್ ಮುಂತಾದವರು 1999ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಪ್ರಬಂಧ ಬರೆದರು. ಹೊರಗಿನವರು 'ವೂಟ್ಜ್' ಅಂತ ಕರೆದು ಬೆರಗಾದ ದಕ್ಷಿಣ ದೇಶದ ಉಕ್ಕು ಇದೇ ಜಾತಿಯದು.

ಇನ್ನೂ ಹಿಂದಕ್ಕೆ ಹೋದರೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಕಲ್ಲುಗೋರಿಗಳಲ್ಲಿ ಕಬ್ಬಿಣದ ಉಪಕರಣಗಳು ಸಿಕ್ಕವು. ಎರಡು ಸಾವಿರ ವರ್ಷಕ್ಕೂ ಹಳೇ ಮಾಲು.

ಇಂಥ ಕಡೆಗಳಲ್ಲೆಲ್ಲ ಸಿಗೋದು ಕಬ್ಬಿಣ ಮಾತ್ರ. ಮರ ಮಣ್ಣಲ್ಲಿ ಮಣ್ಣಾಗಿರುತ್ತೆ. ಕಮ್ಮಾರನ ಕೆಲಸ ಮ್ಯೂಸಿಯಂ ಸೇರುತ್ತೆ, ಹಿಡಿ ಕೂರಿಸಿದವನ ಕೆಲಸ ಗೆದ್ದಲು ಸೇರುತ್ತೆ. ಬದುಕಿದ್ದಾಗ ಕೂಲಿ ಇಲ್ಲ, ಸತ್ತ ಮೇಲೆ ಗುರುತೂ ಇಲ್ಲ.

ಬಾಲ ಒಂದು, ಹಿಡಿಸೋ ದಾರಿ ಎರಡು

ಈಗಿನ ಮಚ್ಚು, ಚೂರಿಗಳ ಕಬ್ಬಿಣ ಹೆಚ್ಚಾಗಿ ಲಾರಿಯ ಕಮಾನು ಪಟ್ಟಾ. ಹೆದ್ದಾರಿ ಹಾದುಹೋದ ಜಿಲ್ಲೆ ನಮ್ಮದು, ಮುರಿದ ಪಟ್ಟಾಕ್ಕೆ ಬರವಿಲ್ಲ. ಸ್ಪ್ರಿಂಗಿನ ಉಕ್ಕು ಗಟ್ಟಿ, ಮಣಿಯುತ್ತೆ, ಬೇಗ ಮುರಿಯೋದಿಲ್ಲ. ಕುಲುಮೆಯಲ್ಲಿ ಕಾಸಿ ಬಡಿದು ರೂಪ ಕೊಟ್ಟ ಮೇಲೆ ಅಲಗಿಗೆ ಹದ ಹಾಕ್ತಾರೆ. ಕೆಂಪಗೆ ಕಾದದ್ದನ್ನು ಎಣ್ಣೆಯಲ್ಲೋ ನೀರಲ್ಲೋ ಅದ್ದಿ, ಮತ್ತೆ ಮೆಲ್ಲಗೆ ಕಾಸಿ ಬಣ್ಣ ನೋಡೋದು. ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಹಳದಿ, 300ರ ಹತ್ತಿರ ನೀಲಿ. ಹಳದಿಯಲ್ಲಿ ನಿಂತರೆ ಬಾಯಿ ಬಿರುಸು. ನೀಲಿಗೆ ಹೋದರೆ ಮೆತ್ತಗಾಯಿತು, ಸಾಣೆ ಬೇಗ ಹೋಗುತ್ತೆ.

ಹಿಡಿಯೊಳಗೆ ಹೋಗುವ ತುದಿಗೆ ಬಾಲ ಅನ್ನೋಣ. ಅದಕ್ಕೆ ಮಾತ್ರ ಹದ ಹಾಕಬಾರದು. ಬಾಲ ಬಿರುಸಾದರೆ ಏಟಿಗೆ ಹಿಡಿಯೊಳಗೇ ಮುರಿಯುತ್ತೆ, ಹೊರಗಿನಿಂದ ಗೊತ್ತೂ ಆಗೋದಿಲ್ಲ. ಮುರಿದ ಮಚ್ಚುಗಳಲ್ಲಿ ಎಷ್ಟೋ ಇಂಥವೇ.

ಒಂದನೇ ದಾರಿ ಸುಟ್ಟು ಕೂರಿಸೋದು. ಮರದ ತುಂಡಿಗೆ ಬಾಲಕ್ಕಿಂತ ಸ್ವಲ್ಪ ಸಣ್ಣ ತೂತು ಕೊರೆದು, ಬಾಯಿಗೆ ಬಳೆ ಬಿಗಿದು, ಬಾಲವನ್ನು ಮಂದವಾಗಿ ಕೆಂಪಗೆ ಕಾಸಿ ತೂತಿಗೆ ಒತ್ತುತ್ತಾರೆ. ಹೊಗೆ ಏಳುತ್ತೆ. ಒಳಗಿನ ಮರ ಬಾಲದ ಆಕಾರಕ್ಕೇ ಸುಟ್ಟು ಜಾಗ ಬಿಡುತ್ತೆ. ತೆಗೆದು, ಮಸಿ ಕೊಡವಿ, ಮತ್ತೆ ಕಾಸಿ ಒತ್ತೋದು. ಒಂದೇ ಸಲಕ್ಕೆ ಗುದ್ದಿ ಕೂರಿಸುವ ಅವಸರದವನ ಕೈಯಲ್ಲಿ ಮರ ಸೀಳುತ್ತೆ, ಇಲ್ಲವೇ ಒಳಗೆಲ್ಲ ಇದ್ದಿಲಾಗಿ ನಾಲ್ಕು ತಿಂಗಳಿಗೆ ಅಲ್ಲಾಡೋಕೆ ಶುರು. ಇನ್ನು ಅರ್ಧ ಇಂಚು ಉಳಿದಿದೆ ಅನ್ನುವಾಗ ಸುಡೋದು ನಿಲ್ಲಿಸಿ, ಅರಗಿಗೆ ಇಟ್ಟಿಗೆ ಪುಡಿ ಬೆರೆಸಿ ಕರಗಿಸಿ ತುಂಬಿ, ಬಾಲವನ್ನು ಕೊನೆಯ ಸಲ ಇಳಿಸಿ ಬಿಡಬೇಕು. ಆರಿದ ಮೇಲೆ ಅದು ಕಲ್ಲು. ಈ ಅರಗಿನ ವಿದ್ಯೆ ಇಂದಿನದಲ್ಲ. ರಾಜಮಹಾರಾಜರ ಕಾಲದ ತಲವಾರುಗಳ ಹಿಡಿಯನ್ನೂ ಅರಗಿನ ಗಾರೆಯಲ್ಲೇ ಕೂರಿಸುತ್ತಿದ್ದರು.

ಬಾಲ ಕಾಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಬೇಕು. ಸುತ್ತದಿದ್ದರೆ ಬಿಸಿ ಅಲಗಿಗೆ ಏರಿ, ಕಷ್ಟಪಟ್ಟು ಹಾಕಿದ ಹದ ನೀಲಿಗೆ ತಿರುಗುತ್ತೆ. ಹೊಸ ಮಚ್ಚಿನಲ್ಲಿ ಹಿಡಿ ಹತ್ತಿರ ನೀಲಿ ಛಾಯೆ ಅಲಗಿನ ಬಾಯಿವರೆಗೆ ಬಂದಿದ್ದರೆ ಬಟ್ಟೆ ಸುತ್ತೋದು ಮರೆತಿದ್ದಾರೆ ಅಂತ ತಿಳೀರಿ.

ಎರಡನೇ ದಾರಿ ಹೋಳು ಹಿಡಿ. ಬಾಲವೇ ಹಿಡಿಯಷ್ಟು ಅಗಲ, ಹಿಡಿಯಷ್ಟು ಉದ್ದ. ಅದರ ಎರಡೂ ಕಡೆಗೆ ಮರದ ಹೋಳು ಇಟ್ಟು, ಎರಡು ಇಲ್ಲವೇ ಮೂರು ತೂತು ಕೊರೆದು, ಹಿತ್ತಾಳೆ ಕಡ್ಡಿ ತೂರಿಸಿ ಎರಡೂ ತುದಿ ತಟ್ಟಿ ಹರಡಿಸೋದು. ಈಗ ನಡುವೆ ಅರಾಲ್ಡೈಟ್ ಬಳೀತಾರೆ. ಒಂದು ರಾತ್ರಿ ಒಂದು ಹಗಲು ಹಾಗೇ ಬಿಗಿದು ಇಡಬೇಕು. ಕಸಾಯಿಖಾನೆ ಚೂರಿ, ಹೋಟೆಲಿನ ತರಕಾರಿ ಚೂರಿಗಳಿಗೆ ಈ ದಾರಿಯೇ ವಾಸಿ. ಸುಟ್ಟು ಕೂರಿಸಿದ ಹಿಡಿಯ ತೂತಿಗೆ ನೀರು, ರಕ್ತ ಇಳಿದರೆ ಒಳಗೇ ತುಕ್ಕು ಹಿಡಿದು ಬಾಲ ತಿನ್ನುತ್ತೆ. ಹೋಳು ಹಿಡಿಯಲ್ಲಿ ಹುಳುಕು ಕಣ್ಣಿಗೆ ಕಾಣುತ್ತೆ.

ಯಾವ ಮರ, ಯಾವ ಎಳೆ

"ಕೊಡಲಿ ಕಾವು ಕುಲಕ್ಕೆ ಸಾವು" ಅಂತ ಗಾದೆ. ಮರ ಕಡಿಯೋ ಕೊಡಲಿಗೆ ಕಾವು ಕೊಟ್ಟದ್ದೂ ಮರವೇ. ಆದರೆ ಎಲ್ಲಾ ಮರ ಆ ಕೆಲಸಕ್ಕೆ ಆಗಿ ಬರೋದಿಲ್ಲ.

ನಮ್ಮ ಬಯಲುಸೀಮೆಗೆ ಕರಿಜಾಲಿಯೇ ರಾಜ. ಗಾಡಿ ಚಕ್ರಕ್ಕೆ, ನೇಗಿಲಿಗೆ ಆದದ್ದು ಹಿಡಿಗೆ ಆಗದೇ? ಪೆಟ್ಟು ತಡೆಯುತ್ತೆ, ಊರ ಅಂಚಿನಲ್ಲೇ ಸಿಗುತ್ತೆ. ಕೊಡಲಿ ಕಾವಿಗೆ ದಿಂಡಿಗ. ಅದುರನ್ನು ನುಂಗೋದರಲ್ಲಿ ಅದಕ್ಕೆ ಹೆಸರು. ಕಮರ ನಮ್ಮ ದೇಶದ ಅತಿ ಭಾರದ ಮರಗಳಲ್ಲಿ ಒಂದು, ಅರ ಹಾಕಿದರೆ ಹಲ್ಲು ಸವೆಯುತ್ತೆ. ಹುಣಸೆಯ ಚೇಗು ಕಪ್ಪುಗೆಂಪು ಬಣ್ಣ, ನೋಡೋದಕ್ಕೂ ಚಂದ. ಬೀಟೆ ಬೇಕು ಅನ್ನೋರೂ ಇದ್ದಾರೆ. ಕೇಳುವ ಮೊದಲು ಮರದ ರಸೀದಿ ಎಲ್ಲಿದೆ ಅಂತ ಯೋಚಿಸೋದು ಒಳ್ಳೇದು. ಅರಣ್ಯ ಇಲಾಖೆಯವರು ಹಿಡಿಯನ್ನೂ ಹಿಡೀತಾರೆ, ಹಿಡಿದವರನ್ನೂ ಹಿಡೀತಾರೆ.

ಮರಕ್ಕಿಂತ ಮುಖ್ಯ ಅದು ಒಣಗಿರೋದು. ಒಂದು ಇಂಚು ದಪ್ಪಕ್ಕೆ ಹೆಚ್ಚುಕಮ್ಮಿ ಒಂದು ವರ್ಷ ನೆರಳಲ್ಲಿ ಒಣಗಬೇಕು ಅನ್ನೋದು ಬಡಗಿಗಳ ಲೆಕ್ಕ. ಹಸಿ ಮರದ ಹಿಡಿ ಹಾಕಿದ ದಿನ ಬಿಗಿಯಾಗೇ ಇರುತ್ತೆ. ಮಾರ್ಚಿ ಬಿಸಿಲು ಬಂದಾಗ ಅದು ಕುಗ್ಗುತ್ತೆ, ಬಳೆ ಸಡಿಲಾಗುತ್ತೆ, ಅಲಗು ಲಟಲಟ ಅನ್ನುತ್ತೆ. ನಮ್ಮಂಥ ಒಣ ಸೀಮೆಯಲ್ಲಿ ಇದು ಇನ್ನೂ ಜಾಸ್ತಿ.

ಆಗ ನಾವು ಮಾಡೋದೇನು? ಮಚ್ಚನ್ನ ಹಿಡಿ ಸಮೇತ ಬಕೆಟ್ಟಿನಲ್ಲಿ ನೆನೆ ಹಾಕ್ತೀವಿ. ಮರ ಊದಿಕೊಂಡು ಬಿಗಿಯಾಗುತ್ತೆ, ಖುಷಿ ಆಗುತ್ತೆ. ಆದರೆ ಬಳೆಯೊಳಗೆ ಊದೋಕೆ ಜಾಗ ಇಲ್ಲದೆ ಮರದ ಎಳೆ ತಾನೇ ತಾನು ಜಜ್ಜಿಕೊಳ್ಳುತ್ತೆ. ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲ. ನೆನೆ ಹಾಕೋದು ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ. ತೆಗೆದು ಮತ್ತೆ ಅರಗು ತುಂಬಿಸೋದೇ ಸರಿಯಾದ ದಾರಿ.

ಕೈ ಅಳತೆ

ಚಪ್ಪಲಿ ಕೊಳ್ಳುವಾಗ ನಂಬರು ಕೇಳ್ತೀವಿ, ಅಂಗಿಗೆ ಟೇಪು ಹಿಡಿಸ್ತೀವಿ. ದಿನವಿಡೀ ಹಿಡಿಯೋ ಮಚ್ಚಿಗೆ ಅಳತೆ ಬೇಡವೇ?

ಅಳತೆ ಕಷ್ಟದ್ದಲ್ಲ. ನಾಲ್ಕು ಬೆರಳು ಜೋಡಿಸಿದರೆ ಆಗೋ ಅಗಲಕ್ಕೆ ಒಂದು ಹೆಬ್ಬೆರಳಗಲ ಸೇರಿಸಿ, ಅದು ಉದ್ದ. ಸಾಮಾನ್ಯ ಗಂಡಾಳಿಗೆ ನಾಲ್ಕರಿಂದ ನಾಲ್ಕೂವರೆ ಇಂಚು ಬರುತ್ತೆ. ದಪ್ಪಕ್ಕೆ, ಮುಷ್ಟಿ ಹಿಡಿದಾಗ ಬೆರಳ ತುದಿಗಳು ಹೆಬ್ಬೆರಳ ಬುಡದ ದಿಣ್ಣೆಯನ್ನ ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು. ತೆಳ್ಳಗಾದರೆ ಕೈ ಹೆಚ್ಚು ಬಿಗಿ ಹಿಡಿಯಬೇಕು, ಮಣಿಕಟ್ಟು ನೋಯುತ್ತೆ. ದಪ್ಪಗಾದರೆ ಹಿಡಿತ ತಪ್ಪುತ್ತೆ.

ಆಕಾರ ದುಂಡಗೆ ಇರಕೂಡದು. ಮೊಟ್ಟೆ ಒತ್ತಿದ ಹಾಗೆ ಇರಬೇಕು. ಆಗ ಕಣ್ಣು ಮುಚ್ಚಿ ಹಿಡಿದರೂ ಅಲಗಿನ ಬಾಯಿ ಎತ್ತ ಕಡೆ ಅಂತ ಅಂಗೈಗೇ ಗೊತ್ತಾಗುತ್ತೆ. ದುಂಡು ಹಿಡಿ ಕೈಯಲ್ಲಿ ತಿರುಗುತ್ತೆ, ಏಟು ಓರೆ ಬೀಳುತ್ತೆ, ಓರೆ ಬಿದ್ದ ಏಟು ಮೊಣಕಾಲಿಗೆ ಬರುತ್ತೆ. ನಡುವೆ ಸ್ವಲ್ಪ ಹೊಟ್ಟೆ, ಹಿಂಬದಿಯಲ್ಲಿ ಗಿಣಿ ಕೊಕ್ಕಿನ ಹಾಗೆ ಒಂದು ಬಾಗು. ಬೀಸುವಾಗ ಮಚ್ಚು ಕೈ ಬಿಟ್ಟು ಹಾರದ ಹಾಗೆ ಕಿರುಬೆರಳನ್ನ ಆ ಕೊಕ್ಕೇ ಹಿಡಿದು ನಿಲ್ಲಿಸೋದು.

ಕಾರ್ಖಾನೆಯಿಂದ ಬರೋ ಪ್ಲಾಸ್ಟಿಕ್ ಹಿಡಿಗೆ ಒಂದೇ ಅಳತೆ. ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ಕೆಲಸ ಮಾಡೋ ಹೆಂಗಸಿಗೂ ಅದೇ, ಆರಡಿ ಆಳಿಗೂ ಅದೇ. ಎಡಚರ ಪಾಡು ಹೇಳೋದೇ ಬೇಡ. ಹೆಂಗಸರ ಅಂಗೈ ಸಣ್ಣದು ಅಂತ ಎಲ್ಲರಿಗೂ ಗೊತ್ತು, ಕುಡ್ಲು ಮಾಡಿಸುವಾಗ ಮಾತ್ರ ಯಾರಿಗೂ ನೆನಪಿಗೆ ಬರೋದಿಲ್ಲ. ಕೊಯ್ಲಲ್ಲಿ ಅಂಗೈಗೆ ಬೊಬ್ಬೆ ಎದ್ದರೆ 'ಕೆಲಸ ಅಭ್ಯಾಸ ಇಲ್ಲ' ಅಂತ ನಗ್ತೀವಿ. ತಪ್ಪು ಕೈಯದ್ದಲ್ಲ, ಹಿಡಿಯದ್ದು.

ತೋಟದವರಿಗೆ ಇನ್ನೊಂದು ಮಾತು. ಹೊಸದುರ್ಗ, ಹೊಳಲ್ಕೆರೆ ಕಡೆ ಅಡಿಕೆ ಗೊನೆ ಇಳಿಸೋ ದೋಟಿಯೂ ಒಂದು ಹಿಡಿಯೇ, ಉದ್ದ ಹಿಡಿ. ಬಿದಿರಿನ ಜಾಗಕ್ಕೆ ಅಲ್ಯೂಮಿನಿಯಂ, ಕಾರ್ಬನ್ ದೋಟಿ ಬಂದಿವೆ. ಹಗುರ ನಿಜ. ಆದರೆ ಎರಡಕ್ಕೂ ಕರೆಂಟು ಹರಿಯುತ್ತೆ. ಕಾರ್ಬನ್ ಅಂದರೆ ಪ್ಲಾಸ್ಟಿಕ್ಕಿನ ಥರ ಅಂತ ನಂಬಿಕೊಂಡು ತಂತಿ ಕೆಳಗೆ ಎತ್ತಬೇಡಿ. ಹಿಡಿ ಯಾವುದರದ್ದು ಅನ್ನೋದು ಇಲ್ಲಿ ಜೀವದ ಪ್ರಶ್ನೆ.

ಮೆರುಗಿನ ಕೆಲಸ

ಹಿಡಿ ಕೂರಿಸಿದ ಮೇಲೆ ಅರ್ಧ ಕೆಲಸ ಮುಗಿಯಿತು ಅಷ್ಟೆ. ಬಾಚಿಯಿಂದ ಒರಟು ರೂಪ, ಅರದಿಂದ ನಯ. ಆಮೇಲೆ ಒಡೆದ ಗಾಜಿನ ಚೂರು. ಗಾಜಿನ ಅಂಚಿನಿಂದ ಎಳೆಯ ಉದ್ದಕ್ಕೆ ಹೆರೆದರೆ ಕೂದಲಿನಂಥ ಹೊಟ್ಟು ಬರುತ್ತೆ. ಕೊನೆಗೆ ಉಪ್ಪು ಕಾಗದ, ಒರಟಿನಿಂದ ನಯಕ್ಕೆ 80, 120, 240. ಮಧ್ಯೆ ಒಂದು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಅಡಗಿದ್ದ ಎಳೆ ಎದ್ದು ನಿಲ್ಲುತ್ತೆ, ಅದನ್ನ ಮತ್ತೆ ಉಜ್ಜಿ ಮಲಗಿಸಬೇಕು. ಬಿಟ್ಟರೆ ಮೊದಲ ದಿನದ ಬೆವರಿಗೇ ಹಿಡಿ ಮುಳ್ಳು ಮುಳ್ಳಾಗುತ್ತೆ.

ಹಾಗಂತ ಕನ್ನಡಿ ಮಾಡಿಬಿಡಬಾರದು. ತೀರ ನಯವಾದ ಹಿಡಿ ಬೆವರಿದ ಕೈಯಲ್ಲಿ ಮೀನಿನ ಹಾಗೆ ಜಾರುತ್ತೆ. ದಪ್ಪ ವಾರ್ನಿಷ್ ಬಳಿದ ಹಿಡಿ ಅಂಗಡಿಯಲ್ಲಿ ಚಂದ, ತೋಟದಲ್ಲಿ ಬೊಬ್ಬೆ.

ಎಣ್ಣೆ ಯಾವುದು? ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಕಡ್ಲೆಕಾಯಿ ಎಣ್ಣೆ ಕೈಗೆ ಸಿಗುತ್ತೆ ಅಂತ ಅದನ್ನೇ ಬಳೀತಾರೆ. ಅದು ಒಣಗೋದಿಲ್ಲ, ಅಂಟಂಟಾಗುತ್ತೆ. ಹರಳೆಣ್ಣೆ, ಕೊಬ್ಬರಿ ಎಣ್ಣೆಯೂ ಹಾಗೇ. ಅಗಸೆ ಎಣ್ಣೆ ಮಾತ್ರ ಗಾಳಿಗೆ ಒಣಗಿ ಮರದೊಳಗೆ ಗಟ್ಟಿಯಾಗುತ್ತೆ. ತೆಳುವಾಗಿ ಒರೆಸಿ, ಒಂದು ದಿನ ಬಿಟ್ಟು ಮತ್ತೊಂದು ಕೈ, ಹೀಗೆ ಮೂರು ನಾಲ್ಕು ಸಲ. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದುರಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆಯಾದ ಬಟ್ಟೆ ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಲ್ಲಿ ಅದ್ದಿ. ಅಂಗಡಿ ಇರೋರು ಈ ಮಾತನ್ನ ಎರಡು ಸಲ ಓದಲಿ.

ಒರೆ ಹೊಲಿಸೋರಿಗೆ ತಂಗಡಿ ತೊಗಟೆಯಲ್ಲಿ ಹದ ಮಾಡಿದ ಚರ್ಮ ಉತ್ತಮ. ಹಿಂದೆ ನಮ್ಮ ಸೀಮೆಯ ತಂಗಡಿಗೆ ಆ ಕೆಲಸಕ್ಕೇ ಬೇಡಿಕೆ. ಆದರೆ ಮನೆಯಲ್ಲಿಡುವಾಗ ಅಲಗನ್ನು ಒರೆಯೊಳಗೇ ಬಿಡಬಾರದು. ಚರ್ಮ ನೀರು ಹೀರುತ್ತೆ, ಅಲಗಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು.

ಮೊಬೈಲಿನಲ್ಲಿ ಬಂದ ಬೋವಿ ಚೂರಿ

ಈಗ ಹೊಸ ಗಿರಾಕಿ ಹುಟ್ಟಿದ್ದಾನೆ. ಮೊಬೈಲಿನಲ್ಲಿ ಚಿತ್ರ ತೋರಿಸಿ 'ಇಂಥದ್ದೇ ಬೇಕು' ಅನ್ನೋ ಹುಡುಗ. ಚಿತ್ರದಲ್ಲಿರೋದು ಅಮೆರಿಕದ ಬೋವಿ ಚೂರಿ. ನಮ್ಮ ಕಲ್ಲು ಕೆಲಸದ ಭೋವಿ ಸಮಾಜಕ್ಕೂ ಇದಕ್ಕೂ ಸಂಬಂಧ ಇಲ್ಲ. ಜಿಮ್ ಬೋವಿ ಅನ್ನೋ ಒಬ್ಬ ಧಾಂಡಿಗ 1827ರಲ್ಲಿ ಮಿಸಿಸಿಪಿ ನದಿಯ ಮರಳು ದಿಬ್ಬದ ಮೇಲೆ ನಡೆದ ಹೊಡೆದಾಟದಲ್ಲಿ ದೊಡ್ಡ ಚೂರಿ ಬಳಸಿ ಹೆಸರಾದ. 1836ರಲ್ಲಿ ಟೆಕ್ಸಾಸಿನ ಅಲಾಮೊ ಕೋಟೆಯಲ್ಲಿ ಸತ್ತ. ಅವನ ಹೆಸರಿನ ಚೂರಿಗೆ ಎಂಥ ಹುಚ್ಚು ಹಿಡಿಯಿತು ಅಂದರೆ ಇಂಗ್ಲೆಂಡಿನ ಶೆಫೀಲ್ಡ್ ಕಾರ್ಖಾನೆಗಳು ಅದನ್ನೇ ಮಾಡಿ ಹಡಗಲ್ಲಿ ಕಳಿಸಿದವು. 1838ರಲ್ಲಿ ಟೆನೆಸ್ಸಿ ರಾಜ್ಯ ಅದರ ಮಾರಾಟವನ್ನೇ ನಿಷೇಧ ಮಾಡಿತು.

ಅದರ ಅಲಗಿನ ತುದಿ ಬೆನ್ನ ಕಡೆಯಿಂದ ಕತ್ತರಿಸಿದ ಹಾಗೆ ಬಾಗಿರುತ್ತೆ. ಹಿಡಿಗೂ ಅಲಗಿಗೂ ನಡುವೆ ಅಡ್ಡಲಾಗಿ ಹಿತ್ತಾಳೆ ಕೈಗಾಪು. ಈ ಕೈಗಾಪಿನಲ್ಲೇ ಗುಟ್ಟಿದೆ. ಕಡಿಯುವ ಮಚ್ಚಿಗೆ, ಕೊಯ್ಯುವ ಕುಡುಗೋಲಿಗೆ ಕೈಗಾಪು ಇಲ್ಲ, ಬೇಕಾಗಿಯೂ ಇಲ್ಲ. ಎದುರಿಗೆ ಚುಚ್ಚುವಾಗ ಮಾತ್ರ ಕೈ ಮುಂದೆ ಜಾರುತ್ತೆ, ಆಗ ಮಾತ್ರ ಕೈಗಾಪು ಬೇಕು. ಚೂರಿ ಯಾವ ಕೆಲಸಕ್ಕೆ ಹುಟ್ಟಿದ್ದು ಅನ್ನೋದನ್ನ ಅಲಗು ಹೇಳದಿದ್ದರೂ ಹಿಡಿ ಹೇಳುತ್ತೆ.

ಚಂದದ ಹಿಡಿಗೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಕೊಡಗಿನ ಪೀಚೆಕತ್ತಿ ನೋಡಿ. ಮದುವೆಯಲ್ಲಿ ಕುಪ್ಯದ ಮೇಲೆ ಸೊಂಟಕ್ಕೆ ಸಿಕ್ಕಿಸುವ ಸಣ್ಣ ಕತ್ತಿ, ಬೆಳ್ಳಿ ಕೆಲಸದ ಒರೆ, ಸರಪಳಿ. ಕೆಲವಕ್ಕೆ ಹಿಡಿಯ ತುದಿಯಲ್ಲಿ ಗಿಣಿ ತಲೆ. ಅದೇ ಕೊಡವರ ಒಡಿಕತ್ತಿ ಬೆನ್ನ ಹಿಂದೆ ಸಿಕ್ಕಿಸೋ ಅಗಲ ಅಲಗಿನದು. ಅಲ್ಲಿ ಹಿಡಿಗೆ ಮರ್ಯಾದೆ ಇದೆ, ಯಾಕೆಂದರೆ ಅದು ಮನೆತನದ ಗುರುತು.

ಹುಡುಗರಿಗೂ, ಮಾಡಿಕೊಡೋರಿಗೂ, ಮಾರೋ ಅಂಗಡಿಯವರಿಗೂ ಒಂದು ಎಚ್ಚರಿಕೆ. 1959ರ ಆಯುಧ ಕಾಯ್ದೆಯ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತೆ. ಮನೆ ಬಳಕೆಗೆ, ಬೇಸಾಯಕ್ಕೆ, ಕಾರ್ಖಾನೆ ಕೆಲಸಕ್ಕೆ ಅಂತಲೇ ಮಾಡಿದವಕ್ಕೆ ವಿನಾಯಿತಿ. ಎಳನೀರು ಮಚ್ಚಿಗೆ ಆ ವಿನಾಯಿತಿ ಇದೆ. ಹತ್ತಿಂಚಿನ ಬೋವಿ ಚೂರಿಯನ್ನ 'ತೋಟದ ಕೆಲಸಕ್ಕೆ ಸಾರ್' ಅಂದರೆ ಠಾಣೆಯಲ್ಲಿ ಮೊದಲು ನೋಡೋದು ಆ ಕೈಗಾಪನ್ನೇ.

ಜಿಂಕೆ ಕೊಂಬಿನ ಹಿಡಿ ಬೇಕು ಅನ್ನೋರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಜಿಂಕೆ ಕೊಂಬು, ಆನೆ ದಂತದ ವ್ಯಾಪಾರ ಅಪರಾಧ. ಕಾಡಲ್ಲಿ ತಾನಾಗಿ ಉದುರಿದ ಕೊಂಬನ್ನೂ ಎತ್ತಿಕೊಂಡು ಬರುವಂತಿಲ್ಲ. ಕೊಂಬೇ ಬೇಕಾದರೆ ಎಮ್ಮೆ ಕೊಂಬು ಇದೆ. ಕಾಸಿದರೆ ಮೆತ್ತಗಾಗುತ್ತೆ, ಒತ್ತಿ ನೇರ ಮಾಡಬಹುದು, ಉಜ್ಜಿದರೆ ಕರಿ ಕಲ್ಲಿನ ಹಾಗೆ ಹೊಳೆಯುತ್ತೆ.

ಹಿಡಿಯ ಕೂಲಿ

ಹಳೇ ಕಾಲದಲ್ಲಿ ಆಯ ಇತ್ತು. ಕಮ್ಮಾರ, ಬಡಗಿ ವರ್ಷವಿಡೀ ರೈತನ ಉಪಕರಣ ನೋಡಿಕೊಳ್ಳೋರು, ಸುಗ್ಗಿಯಲ್ಲಿ ಕಣದಿಂದ ಕಾಳು ಹೊರೋರು. ಆಗ ಹಿಡಿಗೆ ಬೇರೆ ದುಡ್ಡು ಇರಲಿಲ್ಲ, ಯಾಕೆಂದರೆ ಯಾವುದಕ್ಕೂ ಬಿಡಿ ದುಡ್ಡು ಇರಲಿಲ್ಲ. ಆಯ ಹೋಯಿತು. ಹಿಡಿ ಪುಕ್ಕಟೆ ಅನ್ನೋ ರೂಢಿ ಮಾತ್ರ ಉಳಿಯಿತು.

ಲೆಕ್ಕ ಹಾಕೋಣ. ಮರ ಕಡಿದು ಸೀಳೋದು, ತೂತು, ಎರಡು ಮೂರು ಸಲ ಸುಡೋದು, ಅರಗು, ಬಳೆ, ಅರ, ಗಾಜು, ಉಪ್ಪು ಕಾಗದ, ಎಣ್ಣೆ. ನೆಟ್ಟಗೆ ಮಾಡಿದರೆ ಅರ್ಧ ದಿನದ ಕೆಲಸ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ನಿಗದಿ ಮಾಡಿದ ದಿನಗೂಲಿ 370 ರೂಪಾಯಿ. ಮಣ್ಣು ಹೊರೋ ಕೆಲಸದ ಲೆಕ್ಕದಲ್ಲೇ ಅರ್ಧ ದಿನಕ್ಕೆ 185 ಆಯಿತು. ಅರಗಿನ ಹದ ತಿಳಿದವನಿಗೆ ಮಣ್ಣು ಹೊರೋ ಕೂಲಿಯಾದರೂ ಬೇಡವೇ? ಕೊಡದಿದ್ದಾಗ ಏನಾಗುತ್ತೆ ಅಂದರೆ, ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತೆ. ಹಸಿ ಮರ, ಒಂದೇ ಸುಡುವಿಕೆ, ಅರಗು ಇಲ್ಲ, ಬಳೆ ಜಾಗಕ್ಕೆ ತಗಡಿನ ಪಟ್ಟಿ. ಕೊಂಡವನಿಗೆ ಉಳಿತಾಯ ಆಯಿತು. ಆ ಉಳಿತಾಯ ಒಂದು ದಿನ ಅವನ ಬೆರಳಿನ ಮೇಲೆ ಬೀಳುತ್ತೆ.

ಸರ್ಕಾರದ ಕಡೆ ಒಂದು ಬಾಗಿಲು ತೆರೆದಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರ, ಬಡಗಿ, ಆಯುಧ ಮಾಡೋರು, ಸುತ್ತಿಗೆ-ಸಲಕರಣೆ ಮಾಡೋರು ಎಲ್ಲಾ ಇದ್ದಾರೆ. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, 5 ಪರ್ಸೆಂಟ್ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ ಅಂತ ಬರೆದಿದೆ. ಕುಟುಂಬಕ್ಕೆ ಒಬ್ಬರು. ಹಿಡಿ ಹಾಕೋನದ್ದು ಮಾತ್ರ ಇಕ್ಕಟ್ಟು. ಕಮ್ಮಾರರ ಕಣ್ಣಿಗೆ ಅವನು ಬಡಗಿ, ಬಡಗಿಗಳ ಕಣ್ಣಿಗೆ ಕಮ್ಮಾರ. ಅರ್ಜಿಯಲ್ಲಿ ಯಾವುದಾದರೂ ಒಂದನ್ನು ಬರೆಸಿ, ಆದರೆ ಬರೆಸಿ.

ಸಾಲ, ಸಲಕರಣೆ ಎಲ್ಲಾ ಬಂದರೂ ಕೊಳ್ಳುವವನು 'ಹಿಡಿಗೂ ದುಡ್ಡಾ' ಅಂದರೆ ಕುಲುಮೆ ಉಳಿಯೋದಿಲ್ಲ. ಆ ಮಾತು ನಿಲ್ಲಿಸೋದು ದಿಲ್ಲಿಯ ಕೈಯಲ್ಲಿಲ್ಲ, ನಮ್ಮ ಸಂತೆಯಲ್ಲಿದೆ.

ಕೊಳ್ಳುವ ಮುಂಚೆ

ಮುಂದಿನ ಸಂತೆಯಲ್ಲಿ ಮಚ್ಚು, ಕುಡ್ಲು, ಚೂರಿ ಏನೇ ಕೊಂಡರೂ ಅಲಗಿನ ಮೇಲೆ ಉಗುರು ಆಡಿಸೋದಕ್ಕೆ ಮುಂಚೆ ನಾಲ್ಕು ಪರೀಕ್ಷೆ ಮಾಡಿ.

ಅಲಗನ್ನು ಬಟ್ಟೆಯಲ್ಲಿ ಹಿಡಿದು ಹಿಡಿಯನ್ನ ಆಕಡೆ ಈಕಡೆ ತಿರುಚಿ. ಕೂದಲಿನಷ್ಟು ಅಲ್ಲಾಡಿದರೂ ಬೇಡ.

ಹಿಡಿಯ ತುದಿಯನ್ನ ಕಲ್ಲಿಗೆ ಮೆಲ್ಲಗೆ ತಟ್ಟಿ. ಒಳಗೆ ಬಿಗಿಯಾಗಿದ್ದರೆ ಗಟ್ಟಿ ಸದ್ದು, ಸಡಿಲವಿದ್ದರೆ ಕಿರಿಕಿರಿ.

ಮರದ ಎಳೆ ನೋಡಿ. ಹಿಡಿಯ ಉದ್ದಕ್ಕೆ ಓಡಬೇಕು. ಅಡ್ಡ ಓಡಿದ್ದರೆ ಎಂದೋ ಒಂದು ದಿನ ಅಡ್ಡಕ್ಕೇ ಮುರಿಯುತ್ತೆ.

ಕಣ್ಣು ಮುಚ್ಚಿ ಹಿಡಿಯಿರಿ. ಅಲಗಿನ ಬಾಯಿ ಎತ್ತ ಕಡೆ ಇದೆ ಅಂತ ಅಂಗೈ ಹೇಳಬೇಕು. ಹೇಳದಿದ್ದರೆ ಆ ಹಿಡಿ ನಿಮ್ಮದಲ್ಲ.

ನಾಲ್ಕೂ ಸರಿ ಇದ್ದರೆ ಚೌಕಾಸಿ ಮಾಡಬೇಡಿ. ಕಬ್ಬಿಣಕ್ಕೆಷ್ಟು, ಹಿಡಿಗೆಷ್ಟು ಅಂತ ಬೇರೆ ಬೇರೆ ಕೇಳಿ, ಬೇರೆ ಬೇರೆ ಕೊಡಿ. ಮನೆಯಲ್ಲಿ ಕುಡ್ಲು ಹಿಡಿಯೋದು ಹೆಂಗಸಾದರೆ ಸಂತೆಗೆ ಅವರನ್ನೇ ಕರೆದುಕೊಂಡು ಹೋಗಿ, ಅವರ ಕೈಗೇ ಕೊಟ್ಟು ನೋಡಿ. ಆಯುಧ ಪೂಜೆ ದಿನ ಅಲಗಿಗೆ ಹಚ್ಚೋ ಕುಂಕುಮದಲ್ಲಿ ಒಂದು ಬೊಟ್ಟು ಹಿಡಿಗೂ ಇರಲಿ.